ಖಾಲಿ ರಸ್ತೆಯಲ್ಲಿ ಎದುರಾದ ಸ್ಕೂಟರ್

“ಪಕ್ಕಕ್ಕೆ ಹೋಗಿ ಸಾರ್! ಬ್ರೇಕ್ ಎಲ್ಲಿದೆ ಅಂತ ಮರ್ತೋಯ್ತು!”

ಲಾಕ್‌ಡೌನ್‌ನ ಒಂದು ಬೆಳಗ್ಗೆ ಜಯನಗರ ನಾಲ್ಕನೇ ಬ್ಲಾಕಿನ ನಡುರಸ್ತೆಯಲ್ಲಿ ಮಂಡಿಯೂರಿ ಫೋಟೋ ತೆಗೆಯುತ್ತಿದ್ದ ನಾನು ಪಕ್ಕಕ್ಕೆ ಹಾರಿದೆ. ಐವತ್ತು ದಾಟಿದ ಮಹಿಳೆಯೊಬ್ಬರು ಸ್ಕೂಟರ್ ಮೇಲೆ, ಎರಡೂ ಕಾಲು ನೆಲಕ್ಕೆ ಉಜ್ಜುತ್ತಾ ನನ್ನನ್ನು ದಾಟಿ ಹೋಗಿ, ಬಾಗಿಲು ಮುಚ್ಚಿದ್ದ ಬಟ್ಟೆ ಅಂಗಡಿಯ ಮುಂದೆ ಅಂತೂ ನಿಂತರು. ಹ್ಯಾಂಡಲ್‌ನಲ್ಲಿ ಹಾಲಿನ ಚೀಲ ತೂಗಾಡುತ್ತಿತ್ತು. ದಿನಾ ವಾಕಿಂಗ್‌ನಲ್ಲಿ ಆ ಖಾಲಿ ಬೀದಿಯ ಫೋಟೋ ತೆಗೆಯುವುದು ನನ್ನ ಹುಚ್ಚು. ಆ ಗಾಬರಿಯಲ್ಲೂ ಬೆರಳು ಬಟನ್ ಒತ್ತಿಬಿಟ್ಟಿತ್ತು.

“ಫೋಟೋ ಯಾರಿಗೂ ತೋರಿಸ್ಬೇಡಿ ಸಾರ್. ಗಾಡಿ ಮಗಳದು. ನಮ್ಮನೆಯವರು ನಾನು ಹಾಲಿಗೆ ನಡ್ಕೊಂಡು ಹೋಗಿದೀನಿ ಅಂದ್ಕೊಂಡಿದಾರೆ. ಮದುವೆ ಆದಾಗಿಂದ್ಲೂ ಈ ಟ್ರಾಫಿಕ್ಕಲ್ಲಿ ನಿನಗೆ ಗಾಡಿ ಬೇಡ ಅಂತಾನೇ ಇದ್ರು. ಈಗ ಟ್ರಾಫಿಕ್ಕೇ ಇಲ್ವಲ್ಲ!” ಎಂದು ನಕ್ಕು, ಮಗಳ ಸ್ಕೂಟರನ್ನು ತಿರುಗಿಸಿಕೊಂಡು ಹೊರಟರು.

ಆಮೇಲೆ ದಿನಾ ಸಿಕ್ಕರು. ಅವರು ಬರುವುದು ಕಂಡರೆ ನಾನು ಫುಟ್‌ಪಾತ್ ಹತ್ತಿಬಿಡುತ್ತಿದ್ದೆ. ಕೆಲವೇ ದಿನಗಳಲ್ಲಿ ಅವರ ಕಾಲುಗಳು ನೆಲ ಬಿಟ್ಟವು. ಕೊನೆಕೊನೆಗೆ ಒಂದು ಕೈ ಬಿಟ್ಟು ನನಗೆ ಟಾಟಾ ಮಾಡುವಷ್ಟು ಧೈರ್ಯ ಬಂತು.

ಖಾಲಿ ಬೀದಿಯ ಫೋಟೋಗಳನ್ನು ಈಗ ನೋಡಿದರೆ ಎಲ್ಲವೂ ಒಂದೇ ಥರ. ಮಸುಕಾಗಿ ಬಂದ ಅವರದೊಂದೇ ನನಗೆ ಇಷ್ಟ. ಮೊನ್ನೆ ಅದೇ ರಸ್ತೆಯ ಸಿಗ್ನಲ್‌ನಲ್ಲಿ, ಕಿಕ್ಕಿರಿದ ಗಾಡಿಗಳ ನಡುವಿನಿಂದ ಯಾರೋ ಟಾಟಾ ಮಾಡಿದರು. ನೋಡಿದರೆ ಅವರೇ, ಸ್ಕೂಟರಿನ ಮುಂದಿನ ಸೀಟಿನಲ್ಲಿ! ಹಿಂದಿನ ಸೀಟಿನಲ್ಲಿ, ತೊಡೆಯ ಮೇಲೆ ಹಾಲಿನ ಚೀಲ ಇಟ್ಟುಕೊಂಡು, ಅವರ ಭುಜವನ್ನು ಗಟ್ಟಿಯಾಗಿ ಹಿಡಿದು ಕೂತಿದ್ದವರು ಯಜಮಾನರೇ ಇರಬೇಕು.