ಡಾಕ್ಟರ ಸಾಹೇಬರ ಕಬ್ಬಿಣದ ಕೋಲುಗಳು

ಮೊನ್ನೆ ಎದುರು ಮನೆಯವರು ಹೊಸ ಬಾಗಿಲಿಗೆ ಅಗಸೆ ಎಣ್ಣೆ ಹಚ್ಚುತ್ತಿದ್ದರು. ಗಾಳಿ ನಮ್ಮ ಕಡೆಗಿತ್ತು. ಓದುತ್ತಿದ್ದ ಪತ್ರಿಕೆಯನ್ನು ಮಡಿಚಿಟ್ಟು ಸುಮ್ಮನೆ ಕುಳಿತುಬಿಟ್ಟೆ. ಆ ವಾಸನೆಗೆ ಬೇರೆಯವರಿಗೆ ಏನು ನೆನಪಾಗುತ್ತದೋ, ನನಗೆ ಮಾತ್ರ ನಮ್ಮ ಡಾಕ್ಟರ ಸಾಹೇಬರ ಕೈಗಳು ನೆನಪಾಗುತ್ತವೆ...

ನಿಜಾಮರ ಕಾಲದ ಮಾತು. ನಾನಾಗ ಬೀದರಿನ ಉರ್ದು ಶಾಲೆಯಲ್ಲಿ ಲೆಕ್ಕದ ಮಾಸ್ತರ. ಊರ ಪಕ್ಕದ ಮೈಲೂರಿನಲ್ಲಿ ನನ್ನ ಬಾಡಿಗೆ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಭಾಲ್ಕಿಯ ವ್ಯಾಪಾರಸ್ಥರ ಮನೆತನದಿಂದ ಬಂದು, ಸರಕಾರಿ ದವಾಖಾನೆಯಲ್ಲಿ ಕಣ್ಣಿನ ಪೊರೆ ತೆಗೆಯುವುದರಲ್ಲಿ ಅವರು ದೊಡ್ಡ ಹೆಸರು ಮಾಡಿದ್ದರು. ಎಲ್ಲದರಲ್ಲೂ ಅವಸರದ ಮನುಷ್ಯ. ಊಟ ಅವಸರ, ನಡಿಗೆ ಅವಸರ, ಸಿಟ್ಟು ಬರುವುದೂ ಅವಸರ, ಇಳಿಯುವುದೂ ಅವಸರ.

ಸಿಕಂದರಾಬಾದಿನಲ್ಲಿ ನೌಕರಿ ಮಾಡುವಾಗ ಅವರಿಗೆ ಗಾಲ್ಫ್ ಆಟದ ಗೀಳು ಹತ್ತಿತ್ತು. ನೌಬಾದಿನ ಆಚೆ ಕೆಂಪು ಮುರುಮಿನ ಬಯಲಿನಲ್ಲಿ ಮೂರು ನಾಲ್ಕು ಅಧಿಕಾರಿಗಳು ಸೇರಿ ಕುಳಿ ತೋಡಿಸಿಕೊಂಡು ಆಡುತ್ತಿದ್ದರು. ಜೊತೆಗೆ ಮಾತಿಗಿರಲಿ ಎಂದು ನನ್ನನ್ನೂ ಕರೆದೊಯ್ಯುತ್ತಿದ್ದರು. ಅವರ ಬೀಸು ಭಾರಿ ಬಿರುಸು. ಆದರೆ ಒಂದರಂತೆ ಇನ್ನೊಂದು ಇರುತ್ತಿರಲಿಲ್ಲ. ಒಮ್ಮೆ ಹೊಡೆದರೆ ಚೆಂಡು ಬಯಲಿನಾಚೆ, ಮತ್ತೊಮ್ಮೆ ಕಾಲ ಬುಡದಲ್ಲೇ, ಮಗದೊಮ್ಮೆ ಕುರಿ ಹಿಂಡಿನ ನಡುವೆ. ಅವರು ಬರುವುದು ಕಂಡರೆ ಸಾಕು, “ಏ, ಡಾಕ್ಟರ್ ಸಾಬ್ರು ಬಂದ್ರು, ಕುರಿ ಹೊಡ್ಕೊಂಡು ನಡೀರೋ” ಎಂದು ಕುರಿಗಾಹಿಗಳು ಕೂಗುತ್ತಿದ್ದರು.

ಸಾಹೇಬರು ಬೈಯುತ್ತಿದ್ದುದು ಕೋಲನ್ನು. ಊರು ಬಿಟ್ಟು ಹೋಗುತ್ತಿದ್ದ ಯಾವನೋ ಬಿಳಿ ದೊರೆಯಿಂದ ಕೊಂಡ ಕಬ್ಬಿಣದ ಕೋಲುಗಳವು. ಚೆಂಡಿಗೆ ತಾಗುವ ಅಲಗು ತೆಳು, ಕಟ್ಟಿಗೆಯ ಉದ್ದ ಹಿಡಿಕೆ ಬಳುಕುವಂಥದು, ನೋಡಲು ಬಲು ಚೆಲುವು. ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ ಎಂದು ನಾನು ಛೇಡಿಸಿದರೆ ನಗುತ್ತಿದ್ದರು. ಮನೆಗೆ ಬಂದು ಆ ಹಿಡಿಕೆಗಳಿಗೆ ಅಗಸೆ ಎಣ್ಣೆ ತಿಕ್ಕುತ್ತ ಕೂರುತ್ತಿದ್ದರು. ಎಣ್ಣೆ ಭಾಲ್ಕಿ ಹತ್ತಿರದ ನಮ್ಮೂರು ಭಾತಂಬ್ರಾದಿಂದ ನಮ್ಮವ್ವ ಕಳಿಸಿದ್ದು. ಉಣ್ಣಲೆಂದು ಕೊಟ್ಟ ಎಣ್ಣೆಯನ್ನು ಕೋಲಿಗೆ ಹಚ್ಚುತ್ತಾರೆಂದು ತಿಳಿದು ಅವ್ವ, “ಹಚ್ಚಲಿ ಬಿಡು, ನನ್ನ ಕಣ್ಣಿನ ಪೊರೆ ತೆಗಿಯೋ ಕೈ ಅದು” ಎಂದಿದ್ದಳು.

ಅವ್ವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ರೊಟ್ಟಿ ಬಡಿಯುವುದನ್ನೂ ಕೈ ಅಂದಾಜಿನಲ್ಲೇ ಮಾಡುತ್ತಿದ್ದಳು. ಆ ಚಳಿಗಾಲ ಮುಗಿಯುವುದರೊಳಗೆ ಸಾಹೇಬರು ಅವಳ ಪೊರೆ ತೆಗೆಯುವುದೆಂದು ಮಾತಾಗಿತ್ತು.

ಅದಕ್ಕೆ ಮೊದಲು ರಜೆಯಲ್ಲಿ ಇಬ್ಬರೂ ಸಿಕಂದರಾಬಾದಿಗೆ ಹೊಸ ಕೋಲು ಆರಿಸಲು ಹೋದೆವು. ಅಂಗಡಿಯ ಹಿತ್ತಲಲ್ಲಿ ಗೋಣಿ ಪರದೆ ಕಟ್ಟಿ ಹೊಡೆದು ನೋಡಲು ಬಿಟ್ಟರು. ನನ್ನ ಜೇಬಿನಲ್ಲಿ ಸೀಮೆಸುಣ್ಣವಿರುವುದು ಸಾಹೇಬರಿಗೆ ಗೊತ್ತಿತ್ತು. ಅದನ್ನು ಕಿತ್ತುಕೊಂಡು ಕೋಲಿನ ಅಲಗಿಗೆ ತಿಕ್ಕಿದರು. ಚೆಂಡು ತಾಗಿದಲ್ಲೆಲ್ಲ ಸುಣ್ಣ ಅಳಿಸುತ್ತದೆ. ಹೊಡೆದು ಹೊಡೆದು ನೋಡಿದರೆ ಗುರುತು ಒಂದು ತುದಿಗೆ, ಒಂದು ಬುಡಕ್ಕೆ, ಒಂದು ಕೆಳ ಅಂಚಿಗೆ. ನಡುವೆ ಬಿದ್ದದ್ದು ಅಪರೂಪ.

“ರೋಗ ತಿಳೀತು ಮಾಸ್ತರ. ಕೈಯಾಗ ಜೋರದ, ಆದ್ರ ಒಂದೇ ಜಾಗಕ್ಕ ಬರಂಗಿಲ್ಲ” ಎಂದರು.

ಅವರೇ ಬಿಡಿಸಿ ಹೇಳಿದರು: ಅಂಥ ಕೈಗೆ ಬಳುಕುವ ಹಿಡಿಕೆ ಆಗದು, ಬಿರುಸಿಗೆ ಅದು ಇನ್ನಷ್ಟು ಬಾಗಿ ಅಲಗಿನ ದಿಕ್ಕು ತಪ್ಪಿಸುತ್ತದೆ. ಹಿಡಿಕೆ ಬಿಗಿಯಾಗಿರಬೇಕು. ಅಲಗು ಅಗಲವಾಗಿ, ತೂಕವೆಲ್ಲ ಕೆಳಗಿರಬೇಕು. ಆಗ ಚೆಂಡು ಅಂಚಿಗೆ ತಾಗಿದರೂ ಹೆಚ್ಚು ಕಡಿಮೆ ನೆಟ್ಟಗೆ ಹೋಗುತ್ತದೆ. ಅಂಗಡಿಯಲ್ಲಿ ಅಂಥದೊಂದು ಕಟ್ಟು ಇತ್ತು, ಗಾರೆ ಕೆಲಸದವರ ಸಾಮಾನಿನಷ್ಟು ಕುರೂಪ. ಸಾಹೇಬರು ತೆಳು ಅಲಗಿನದನ್ನೇ ಮತ್ತೆ ಮತ್ತೆ ಸವರುತ್ತಿದ್ದರು. “ಚಂದ ತೊಗೊಂಡು ಏನ್ ಮಾಡ್ತೀರಿ? ಕೈಗೆ ಹೊಂದೋದು ತೊಗೋರಿ” ಎಂದೆ. ಕುರೂಪದ ಕಟ್ಟು ಬೀದರಿಗೆ ಬಂತು.

ಆಟ ಬದಲಾಗಿಹೋಯಿತು. ಕುರಿಗಳು ನಿಶ್ಚಿಂತೆಯಿಂದ ಮೇಯತೊಡಗಿದವು. ಕೂಡಿ ಆಡುವ ಅಧಿಕಾರಿಗಳು ವಾಹ್ ವಾಹ್ ಎಂದರು. ಸಾಹೇಬರು ಮಾತ್ರ ಮೊದಲಿನಷ್ಟು ಮಾತಾಡುತ್ತಿರಲಿಲ್ಲ. ಒಂದು ಸಂಜೆ ಉಳಿದವರೆಲ್ಲ ಹೋದ ಮೇಲೆ ಸೀಮೆಸುಣ್ಣ ಕೇಳಿದರು. ಅಲಗಿಗೆ ತಿಕ್ಕಿ ಹೊಡೆದರು. ಚೆಂಡು ನೆಟ್ಟಗೆ ಹೋಯಿತು. ಮತ್ತೆ ಹೊಡೆದರು, ಮತ್ತೂ ಹೊಡೆದರು. ಎಲ್ಲವೂ ನೆಟ್ಟಗೆ. ಆಮೇಲೆ ಕೋಲು ತಿರುಗಿಸಿ ನನಗೆ ತೋರಿಸಿದರು. ಗುರುತುಗಳು ಅಂಗಡಿಯಲ್ಲಿ ಚದುರಿದ್ದ ಹಾಗೆಯೇ ಚದುರಿದ್ದವು.

“ನೋಡ್ರಿ ಮಾಸ್ತರ, ಚೆಂಡು ಸುಧಾರಿಸ್ಯದ, ಕೈ ಸುಧಾರಿಸಿಲ್ಲ. ಇದು ಕೋಲು, ನನ್ನ ತಪ್ಪು ಹೊಟ್ಟಿಗೆ ಹಾಕ್ಕೊಂತದ. ಚಾಕು ಹಾಕ್ಕೊಳ್ಳಂಗಿಲ್ರಿ.” ಅಲಗಿನ ಸುಣ್ಣ ಒರೆಸಿ ಹೇಳಿದರು: “ನಿಮ್ಮವ್ವನ ಕಣ್ಣು ನಾ ಮಾಡಂಗಿಲ್ಲ. ಹೈದರಾಬಾದಿಗೆ ಕರ್ಕೊಂಡು ಹೋಗ್ರಿ.”

ನನಗೆ ಸಿಟ್ಟು ನೆತ್ತಿಗೇರಿತು. ಆಟಕ್ಕೂ ಆಪರೇಷನ್ನಿಗೂ ಏನು ಸಂಬಂಧ? ಎಷ್ಟು ಮಂದಿಗೆ ಕಣ್ಣು ಕೊಟ್ಟವರು ನಮ್ಮವ್ವನ ಸರದಿಗೇ ಹೀಗನ್ನಬೇಕೆ? ಅವರು ವಾದ ಮಾಡಲಿಲ್ಲ. ಈಚೆಗೆ ಆಪರೇಷನ್ ಮೇಜಿನ ಬಳಿಯೂ ತಮ್ಮ ಕೈ ಒಮ್ಮೊಮ್ಮೆ ಹೇಳಿದ ಮಾತು ಕೇಳುತ್ತಿಲ್ಲವೆಂದೂ, ಇಷ್ಟು ದಿನ ಅದನ್ನು ಒಪ್ಪಿಕೊಳ್ಳುವ ಧೈರ್ಯವಾಗಿರಲಿಲ್ಲವೆಂದೂ ಮೆಲ್ಲಗೆ ಹೇಳಿದರು.

ಅವ್ವ ಹಟ ಹಿಡಿದಳು. ಅವರ ಕೈಯಾದರೆ ಸರಿ, ಇಲ್ಲವಾದರೆ ಕುರುಡಿಯಾಗಿಯೇ ಇರುತ್ತೇನೆ ಎಂದಳು. ಈ ಸುದ್ದಿ ಕೇಳಿ ಸಾಹೇಬರು ತಾವೇ ಟಾಂಗಾ ಮಾಡಿಕೊಂಡು ಭಾತಂಬ್ರಾಕ್ಕೆ ಬಂದರು. ಪಡಸಾಲೆಯಲ್ಲಿ ಓಣಿಯ ಜನವೆಲ್ಲ ನೆರೆದಿದ್ದರು. ಅಲ್ಲಿ ಆಡಿದ ಮಾತು ಸಂಜೆಯೊಳಗೆ ತಮ್ಮ ಮನೆತನದವರಿರುವ ಭಾಲ್ಕಿ ಪೇಟೆ ಮುಟ್ಟುತ್ತದೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ನಾನು ಒಳಗೆ ಕರೆದೆ, ಬರಲಿಲ್ಲ.

“ಯವ್ವಾ, ನನ್ನ ಕೈ ಈಗ ನಂಬಿಗಸ್ತ ಉಳಿದಿಲ್ಲ. ನಿಮ್ಮ ಕಣ್ಣಿನ ಮ್ಯಾಲ ನಾ ಚಾಕು ಇಡಂಗಿಲ್ಲ” ಎಂದು ಎಲ್ಲರೆದುರಿಗೇ ಹೇಳಿದರು.

ಅವ್ವ ಅವರ ದನಿ ಬಂದ ಕಡೆಗೆ ಮುಖ ತಿರುಗಿಸಿದಳು. “ನೀವು ಹೋಗಂದ್ರ ಹೋಗ್ತೇನ್ರಿ” ಎಂದಳು.

ಆಮೇಲೆ ಅವರ ಬಳಿ ಕಣ್ಣಿಗೆಂದು ಬರುವವರು ಕಡಿಮೆಯಾದರು. ಬಂದವರನ್ನೂ ಅವರೇ ಹೈದರಾಬಾದಿಗೆ ಕಳಿಸುತ್ತಿದ್ದರು. ಕೇಳಿಕೊಂಡು ಔರಾದಿನ ಸಣ್ಣ ದವಾಖಾನೆಗೆ ವರ್ಗ ಮಾಡಿಸಿಕೊಂಡರು. ಅಲ್ಲಿ ಚಾಕುವಿನ ಕೆಲಸವಿರಲಿಲ್ಲ. ಜ್ವರ, ಕೆಮ್ಮು, ಚೇಳು ಕಡಿತ, ಅಷ್ಟೇ. ಅಷ್ಟು ದೊಡ್ಡ ಹೆಸರಿನ ಮನುಷ್ಯ ಅಲ್ಲಿ ಸೀಸೆಗೆ ಔಷಧ ಸುರಿಯುತ್ತ ಕೂತರು.

ಹೈದರಾಬಾದಿನಲ್ಲಿ ಅವ್ವನ ಒಂದು ಕಣ್ಣಿಗೆ ನೋಟ ಬಂತು. ದಪ್ಪ ಕನ್ನಡಕ ಹಾಕಿಕೊಂಡು ಬಂದವಳು ಮೊದಲು ಔರಾದಿಗೆ ನಡೆ ಎಂದಳು. ಅವರ ಮುಖವನ್ನು ಅವಳು ಸ್ಪಷ್ಟವಾಗಿ ಎಂದೂ ಕಂಡಿರಲಿಲ್ಲ. ನಾವು ಹೋದಾಗ ಸಾಹೇಬರು ಎದ್ದು ಬಂದರು.

“ಯವ್ವಾ, ಕಾಣಸ್ತೇನ್ರಿ ನಾ?”

“ಕಾಣಸ್ತೀರಿ. ಭಾಳ ಸೊರಗೀರಿ ಯಪ್ಪಾ” ಎಂದಳು ಅವ್ವ.

ಆಮೇಲೆ ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟಳು. ಸಾಹೇಬರ ಎರಡೂ ಕೈಗಳನ್ನು ಹಿಡಿದುಕೊಂಡು ತನ್ನ ಕಣ್ಣಿಗೆ ಒತ್ತಿಕೊಂಡಳು. ಅವರು ಎಳೆದುಕೊಳ್ಳಲು ನೋಡಿದರು, ಅವಳು ಬಿಡಲಿಲ್ಲ...

ಇಬ್ಬರೂ ಈಗಿಲ್ಲ. ಸಾಹೇಬರು ಔರಾದಿನಲ್ಲೇ ತೀರಿಕೊಂಡರು. ಅವರ ಮನೆಯವರು ಕುರೂಪದ ಕಟ್ಟಿನಿಂದ ಒಂದು ಕೋಲನ್ನು ನನಗೆ ಕೊಟ್ಟರು. ಮೊನ್ನೆ ಎದುರು ಮನೆಯವರ ಹತ್ತಿರ ಚೂರು ಅಗಸೆ ಎಣ್ಣೆ ಇಸಿದುಕೊಂಡು ಬಂದು ಹಿಡಿಕೆಗೆ ತಿಕ್ಕಿದೆ. ಕಟ್ಟಿಗೆ ಒಣಗಿತ್ತು, ಹಚ್ಚಿದ್ದನ್ನೆಲ್ಲ ಕುಡಿಯಿತು. ಅವರು ಹಿಡಿಯುತ್ತಿದ್ದ ಜಾಗ ಸವೆದು ತಗ್ಗಾಗಿದೆ. ಅಲ್ಲಿ ಕೈಯಿಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ. ಏಳುವಾಗ ಅದನ್ನೊಮ್ಮೆ ಕಣ್ಣಿಗೊತ್ತಿಕೊಂಡು ಗೋಡೆಗೆ ಆನಿಸಿದೆ.