ಮೂರು ಎಣಿಸುವ ಗ್ಲೆನಿಸ್
ಇಪ್ಪತ್ತಾರು ವರ್ಷ ಟಿವಿಯಲ್ಲಿ ಮಕ್ಕಳ ಕಾರ್ಯಕ್ರಮ ನಡೆಸಿ ನಿವೃತ್ತಳಾದ ಗ್ಲೆನಿಸ್ ಪಾಸ್ಕೋ ಈಗಲೂ ಯಾರನ್ನೇ ಏನೇ ಕೇಳಿದರೂ ಹುಬ್ಬೇರಿಸಿ, ಮನಸ್ಸಿನಲ್ಲೇ ಮೂರು ಎಣಿಸಿ, "ಆಹಾ, ಭೇಷ್!" ಎನ್ನುತ್ತಾಳೆ. ಕ್ಯಾಮೆರಾದ ಆಚೆ ಎಲ್ಲೋ ಮನೆಯಲ್ಲಿ ಕೂತ ಮಗು ಉತ್ತರ ಹೇಳಲೆಂದು ಅವಳು ಕೊಡುತ್ತಿದ್ದ ಬಿಡುವು ಅದು. ಈಗ ತನ್ನೂರು ಜೀಲಾಂಗಿನ ಮಾಂಸದಂಗಡಿಯವನಿಗೂ ಬ್ಯಾಂಕಿನವರಿಗೂ ಅದೇ ಉಪಚಾರ. ಹಲ್ಲು ಹೇಗಿದೆಯೆಂದು ಕೇಳಿದ್ದಕ್ಕೆ ಡಾಕ್ಟರು ಕೀಳಲೇಬೇಕು ಎಂದಾಗಲೂ "ಆಹಾ, ಭೇಷ್!" ಎಂದಿದ್ದಳು. "ಟೀ ಬೇಕಾ ಅಂತ ಕೇಳಿ ಹಾಗೆ ಕಣ್ಣರಳಿಸ್ಬೇಡ ಮಾರಾಯ್ತಿ, ನಂಗೆ ಎಪ್ಪತ್ತಾಯ್ತು," ಎಂದು ಗಂಡ ಕ್ಲಿಫ್ ರೇಗುತ್ತಾನೆ. ಮೊನ್ನೆ ಅಡುಗೆಮನೆಯ ಸಿಂಕ್ ರಿಪೇರಿಗೆ ಬಂದ ಗಡ್ಡದ ಪ್ಲಂಬರ್ ಅವಳನ್ನು ಗುರುತಿಸಿ ನಕ್ಕ. "ಗ್ಲೆನಿಸ್, ದಿನಾ ಬೆಳಿಗ್ಗೆ 'ತಿಂಡಿ ಏನು ತಿಂದೆ ಪುಟ್ಟಾ?' ಅಂತ ಕೇಳ್ತಿದ್ರಲ್ಲ, ನಾನು ಟಿವಿ ಮುಂದೆ ನಿಂತು ಹೇಳ್ತಿದ್ದೆ." "ಏನಂತ?" ಎಂದು ಅವಳು ಹುಬ್ಬೇರಿಸಿದಳು. "ಏನೂ ತಿಂದಿಲ್ಲ ಅಂತ. ಅಮ್ಮ ಎದ್ದಿರ್ತಿರ್ಲಿಲ್ಲ, ಡಬ್ಬೀಲಿ ಏನೂ ಇರ್ತಿರ್ಲಿಲ್ಲ. ನೀವು 'ಆಹಾ, ಭೇಷ್!' ಅಂತಿದ್ರಿ. ಆದ್ರೂ ಕೇಳ್ತಿದ್ದೋರು ನೀವೊಬ್ರೇ." ಗ್ಲೆನಿಸ್ ಮೂರು ಎಣಿಸಿದಳು, ಹತ್ತು ಎಣಿಸಿದಳು, ಆಮೇಲೆ ಬ್ರೆಡ್ಡಿಗೆ ಬೆಣ್ಣೆ ಸವರತೊಡಗಿದಳು.