ಹತ್ತದ ವಿಮಾನದ ಫೋಟೋ

ದೆಹಲಿಯ ಮೊದಲ ಬೆಳಿಗ್ಗೆ ನಾನು ಹಲ್ಲುಜ್ಜುತ್ತಿದ್ದವನು ಹಾಗೇ ತಲೆ ಹಿಡಿದುಕೊಂಡು ನೆಲಕ್ಕೆ ಕೂತುಬಿಟ್ಟೆ. ತಲೆಯ ಮೇಲೆ ಒಂದು ವಿಮಾನ, ಚಕ್ರ ಚಾಚಿಕೊಂಡು, ಹೊಟ್ಟೆಯ ಮೇಲಿನ ಗೀರು ಕಾಣುವಷ್ಟು ತಗ್ಗಿನಲ್ಲಿ ಹಾದುಹೋಯಿತು. ಬಕೆಟ್ಟಿನ ನೀರು ನಡುಗಿತು. ಬಟ್ಟೆ ಹರವುತ್ತಿದ್ದ ಮನೆ ಒಡತಿ ತಿರುಗಿಯೂ ನೋಡಲಿಲ್ಲ.

ದುದ್ದದ ಕಡೆ ನಮ್ಮೂರಲ್ಲಿ ವಿಮಾನವೆಂದರೆ ಆಕಾಶದಲ್ಲೊಂದು ಬಿಳಿ ಗೆರೆ, ಅಷ್ಟೇ. ಹಾಸನದಲ್ಲಿ ಐಟಿಐ ಮುಗಿಸಿ ಲಿಫ್ಟ್ ರಿಪೇರಿ ಕೆಲಸಕ್ಕೆ ಸೇರಿದವನನ್ನು ಕಂಪನಿ ಇಲ್ಲಿಗೆ ವರ್ಗ ಮಾಡಿತು. ಸಿಕ್ಕಿದ್ದು ಒಂದು ಬರ್ಸಾತಿ. ಟೆರೇಸಿನ ಮೇಲಿನ ಒಂಟಿ ಕೋಣೆಗೆ ಇಲ್ಲಿನವರು ಹಾಗೆನ್ನುತ್ತಾರೆ. ವಿಮಾನಗಳು ಇಳಿಯುವ ದಾರಿಯ ಕೆಳಗೇ ಇದ್ದದ್ದರಿಂದ ಅದಕ್ಕೆ ಬೇರೆ ಯಾರೂ ಬಂದಿರಲಿಲ್ಲ.

ಮೊದಲ ತಿಂಗಳು ನಾಲಿಗೆ ಇದ್ದೂ ಮೂಗನಾಗಿದ್ದೆ. ಅಂಗಡಿಯಲ್ಲಿ ರಾಗಿಹಿಟ್ಟು ಕೇಳಿದರೆ ಅಂಗಡಿಯವನು, "ಬಚ್ಚಾ ಕಿತ್ನೇ ಮಹೀನೇ ಕಾ?" ಅಂದ. ಮಗುವಿಗೆ ಎಷ್ಟು ತಿಂಗಳು ಅಂತ. ಇಲ್ಲಿ ರಾಗಿ ಕೂಸುಗಳಿಗೆ ಕುಡಿಸುವ ಹಿಟ್ಟು. ಮದುವೆಯೇ ಆಗದ ನಾನು ಏಳು ತಿಂಗಳು ಎಂದು ಸುಳ್ಳು ಹೇಳಿ, ಎರಡು ಪೊಟ್ಟಣ ತಂದು ಮುದ್ದೆ ಕಟ್ಟಿ ಉಂಡೆ. ಆ ಸುಳ್ಳಿಗೆ ನಗು ಬರುತ್ತದೆ. ಆಮೇಲೆ ಹೇಳಿದ ಸುಳ್ಳಿಗೆ ಬರುವುದಿಲ್ಲ.

ನನ್ನನ್ನು ಮಾತಿಗೆಳೆದವರು ಪಕ್ಕದ ಟೆರೇಸಿನ ಗುರುಚರಣ್ ಅಂಕಲ್, ನಿವೃತ್ತ ಮೇಷ್ಟ್ರು. ದಿನಾ ಸಂಜೆ ಕುರ್ಚಿ ಹಾಕಿಕೊಂಡು, ಇಳಿಯುವ ವಿಮಾನಗಳ ಬಾಲದ ಹತ್ತಿರ ಬರೆದಿರುವ ನಂಬರನ್ನು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳುವುದು ಅವರ ಹವ್ಯಾಸ. ಇದೆಂಥ ಹುಚ್ಚು ಅಂದುಕೊಂಡೆ. ಎರಡು ತಿಂಗಳಲ್ಲಿ ನನಗೂ ಹಿಡಿಯಿತು. ಕಣ್ಣು ಮುಚ್ಚಿ ಸದ್ದಿನಲ್ಲೇ ಯಾವ ವಿಮಾನ ಎಂದು ಹೇಳಿದ ದಿನ ಅಂಕಲ್ ಬೆನ್ನು ತಟ್ಟಿದರು. ಈ ಊರಿಗೆ ಬಂದ ಮೇಲೆ ಒಬ್ಬರು ನನ್ನನ್ನು ಮುಟ್ಟಿದ್ದು ಅದೇ ಮೊದಲು. ಎಷ್ಟು ಖುಷಿಯಾಗಿತ್ತೆಂದರೆ ಅವತ್ತು ಅಕ್ಕನಿಗೆ ಫೋನ್ ಮಾಡುವುದನ್ನೇ ಮರೆತೆ.

ಅಕ್ಕ ಎಂದರೆ ಹೊಳೆನರಸೀಪುರದ ಜಯಕ್ಕ. ಅವ್ವ ಅಪ್ಪ ಹೋದ ಮೇಲೆ ನನ್ನನ್ನು ಸಾಕಿದವಳು. ಅವಳಿಗೆ ಈಗ ತವರೆಂದರೆ ನಾನೊಬ್ಬನೇ. ಗೌರಿ ಹಬ್ಬಕ್ಕೆ ಅರಿಶಿನ, ಕುಂಕುಮ, ಬಳೆ, ರವಿಕೆ ಕಣ ಹಿಡಿದು ನಾನು ಅವಳ ಹೊಸಿಲು ತುಳಿಯಬೇಕು. ಒಂದು ವರ್ಷವೂ ತಪ್ಪಿಸಿರಲಿಲ್ಲ.

ಕಳೆದ ವರ್ಷ ಹಬ್ಬಕ್ಕೆಂದು ಮೂರು ದಿನ ರಜ ಕೇಳಿದೆ, ಕೊಟ್ಟರು. ಅದೇ ವಾರ ಅಂಕಲ್ ಹೇಳಿದರು: ಗೌರಿಯ ಹಿಂದಿನ ದಿನ ಬೆಳಿಗ್ಗೆ ನಾಲ್ಕು ಇಂಜಿನಿನ ಹಳೆಯ ದೊಡ್ಡ ವಿಮಾನವೊಂದು ಇಳಿಯುತ್ತದೆ, ಇನ್ನು ಅಂಥದ್ದು ಕಾಣಸಿಗುವುದು ಅಪರೂಪ. ನಾನು ಊರಿಗೆ ಹೊರಡಬೇಕಿದ್ದದ್ದೂ ಅದೇ ಬೆಳಿಗ್ಗೆ. ಅಕ್ಕನಿಗೆ ಫೋನ್ ಮಾಡಿ ರಜ ಸಿಗಲಿಲ್ಲ ಅಂದೆ. ದಿನವಿಡೀ ತಲೆಯ ಮೇಲೆ ಹಾರುವುದರಲ್ಲಿ ಒಂದನ್ನು ಬೆಳಿಗ್ಗೆ ಹತ್ತಿದರೆ ಸಂಜೆಯೊಳಗೆ ಅವಳ ಮನೆ. ಅದು ಗೊತ್ತಿದ್ದೇ ಹೇಳಿದೆ.

ವಿಮಾನ ಬಂತು. ಸೂರ್ಯನನ್ನೇ ಮುಚ್ಚಿತು. ಮೈಯೆಲ್ಲ ಜುಮ್ಮೆಂದು, ತೆಗೆದ ಫೋಟೋವನ್ನು ಆ ಗಳಿಗೆಯಲ್ಲೇ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದೆ. ಸಂಜೆ ಅಕ್ಕನ ಫೋನು. ಹಿಂದೆ ಬಸ್ಸಿನ ಹಾರ್ನ್ ಕೇಳುತ್ತಿತ್ತು.

"ಲೋ, ಯಾವ ಬಸ್ಸಲ್ಲಿ ಬತ್ತಿದ್ದೀಯ್ಲಾ? ಚನ್ರಾಯಪಟ್ನದ ಕಡೆಯಿಂದ ಆಗ್ಲೇ ಮೂರು ಬಸ್ ಬಂದೋದ್ವು."

"ಯಾಕಕ್ಕ, ನಾನು..."

"ಸುಮ್ಕಿರು, ನಂಗೇನು ಗೊತ್ತಾಗಕಿಲ್ವಾ? ಇಮಾನದ ಫೋಟೋ ಆಕಿದ್ದೀಯಲ್ಲ. ಏಳ್ದೆ ಕೇಳ್ದೆ ಬಂದು ನಿಂತ್ಕಳನ ಅಂತ ಮಾಡಿದ್ದೀಯ. ಕಡುಬಿಗೆ ಹೂರಣ ಆಗ್ಯದೆ. ನಿಮ್ಮ ಭಾವ ಆಟೋ ಇಡ್ಕೊಂಡು ನಿಂತವ್ರೆ."

ನಮ್ಮ ಕಡೆ ವಿಮಾನದ ಫೋಟೋ ಹಾಕುವವನು ಅದನ್ನು ಹತ್ತುವವನೇ. ಹತ್ತದವನು ಯಾಕೆ ಹಾಕುತ್ತಾನೆ? ಅವಳ ಲೆಕ್ಕದಲ್ಲಿ ತಪ್ಪೇನಿರಲಿಲ್ಲ.

"ಅಕ್ಕ, ನಾನು ಡೆಲ್ಲೀಲೇ ಇವ್ನಿ."

"ಮತ್ತೆ ಇಮಾನ?"

"ನೋಡಕೆ ಅಂತ ನಿಂತಿದ್ದೆ."

"ಯಾರ್ನ ಕಳ್ಸಕೆ?"

"ಯಾರ್ನೂ ಅಲ್ಲ. ಸುಮ್ನೆ."

ಆಟೋ ಕಳಿಸಿಬಿಡಿ ಎಂದು ಅವಳು ಭಾವನಿಗೆ ಹೇಳಿದ್ದು ಕೇಳಿಸಿತು. ಆಮೇಲೆ ಮೆಲ್ಲಗೆ, "ರಜ ಸಿಕ್ಕಿತ್ತಾ?" ಅಂದಳು.

ಇಲ್ಲ ಅನ್ನಬಹುದಿತ್ತು. ಬಾಯಿ ಬರಲಿಲ್ಲ. "ಸಿಕ್ಕಿತ್ತು ಕಣಕ್ಕ."

"ಊಂ. ಸರಿ ಬುಡು. ಬಿಸ್ಲಲ್ಲಿ ನಿಂತಿದ್ಯಾ? ಒಟ್ಟೆಗೇನ್ ತಿಂದೆ?"

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಮರುದಿನ ಅವಳು ಯಾರೋ ನೆರೆಯವರು ಕೊಟ್ಟ ಬಳೆ ತೊಟ್ಟು ಪೂಜೆ ಮಾಡಿದಳೆಂದು ಭಾವ ಹೇಳಿದರು. ನಾಚಿಕೆಯಿಂದ ನಾನು ಒಂದು ವಾರ ತಲೆ ಎತ್ತಿ ಆಕಾಶ ನೋಡಲಿಲ್ಲ. ಎಂಟನೇ ದಿನ ನೋಡಿದೆ.

ದೀಪಾವಳಿಗೆ ಹೋಗಿ ಬಾಗಿನ ಕೊಟ್ಟೆ, ಕಾಲಿಗೆ ಬಿದ್ದೆ. ಅಕ್ಕ ನಕ್ಕಳು. ನಾವಿಬ್ಬರೂ ಅಂಗಳದಲ್ಲಿ ಕೂತಿದ್ದಾಗ ಮೇಲೊಂದು ಬಿಳಿ ಗೆರೆ ಹೋಯಿತು. ಅವಳು ಕೈ ಬೀಸಿದಳು.

"ಯಾರಿಗಕ್ಕ?"

"ಗೌರಿ ಅಬ್ಬದಿಂದ ಅಂಗೇ ಆಗೋಗದೆ. ನೀನಿರಕಿಲ್ಲ ಅಂತ ಗೊತ್ತು ಕಣ್ಲಾ. ಆದ್ರೂ ಕೈ ಎತ್ಬುಡ್ತೀನಿ."

ಆ ಬಿಳಿ ಗೆರೆಯ ಕೆಳಗೆ ನನ್ನ ಊರಿದೆ. ಇಲ್ಲಿ ಸದ್ದು ಮಾಡುವ ಈ ವಿಮಾನದ ಹೊಟ್ಟೆಗಳ ಕೆಳಗೂ ನನ್ನದೇನೋ ಇದೆ ಎಂದು ಹೇಳಿಕೊಳ್ಳಲು ಇವತ್ತಿಗೂ ಅಳುಕು. ಈ ಗೌರಿಗೆ ರಜ ಬರೆದು ಕೊಟ್ಟಿದ್ದೇನೆ, ಟಿಕೆಟ್ ತೆಗೆದಿದ್ದೇನೆ, ಬಳೆ ಆಗಲೇ ಚೀಲದಲ್ಲಿದೆ. ನಿನ್ನೆ ಅಂಕಲ್ ಗೋಡೆಯಾಚೆಯಿಂದ ಕೂಗಿ, ನಾನು ಹೊರಡುವ ದಿನ ಅಂಥದ್ದೇ ನಾಲ್ಕು ಇಂಜಿನಿನ ಇನ್ನೊಂದು ವಿಮಾನ ಬರುತ್ತದಂತೆ ಅಂದರು. ನನಗೆ ಹೊರಡುವುದಿದೆ ಎನ್ನಲು ಬಾಯಿ ತೆರೆದೆ.

"ಎಷ್ಟು ಗಂಟೆಗೆ?" ಎಂದು ಕೇಳಿದೆ.